ಅಜ್ಜಂಪುರಕ್ಕೆ ಹೋದ ಗಾರ್ಡ್ ಬೋಗಿ

ನಾನು ಕಡೂರಿನಲ್ಲಿ ಸರ್ವೇಯರ್. ಹಗಲೆಲ್ಲ ಬೇರೆಯವರ ಜಮೀನು ಅಳೆಯುತ್ತೇನೆ, ಸಂಜೆ ಮನೆಗೆ ಬಂದು ಗೇಣುದ್ದದ ರೈಲು ಬೋಗಿಗಳನ್ನು ನೋಡುತ್ತೇನೆ. ಬೋಗಿಗಳನ್ನು ಎಂದರೂ ಸುಳ್ಳೇ, ನೋಡುವುದು ಅವುಗಳ ರಟ್ಟಿನ ಪೆಟ್ಟಿಗೆಗಳನ್ನು. ಮುಚ್ಚಿಹೋದ ಮಾರ್ಗದ ನೆನಪಿಗೆಂದೋ, ಹಳೆಯ ಎಂಜಿನ್ನೊಂದರ ಬೀಳ್ಕೊಡುಗೆಗೆಂದೋ ಕೆಲವನ್ನಷ್ಟೇ ತಯಾರಿಸಿ, ಒಂದೊಂದಕ್ಕೂ ನಂಬರ್ ಹಾಕಿ ಮಾರುವ ವಿಶೇಷ ಮಾದರಿಗಳು ಅವು. ಸೀಲು ಒಡೆದರೆ ಅದರ ಮಾನ ಹೋಯಿತು ಎಂಬುದು ನಮ್ಮಂಥವರ ನಂಬಿಕೆ. ಹಾಗಾಗಿ ನಮ್ಮ ಬೀರುವಿನ ಮೇಲಿನ ಎರಡು ಅರೆಗಳಲ್ಲಿ ನನ್ನ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತಿದ್ದವು. ನನ್ನ ಹೆಂಡತಿಯ ರೇಷ್ಮೆ ಸೀರೆಗಳು ಕೆಳಗಿನ ಅರೆಗೆ ಇಳಿದಿದ್ದವು.

"ಪೆಟ್ಟಿಗೆ ನೋಡ್ಕೊಂಡ್ ಕೂರೋದಾದ್ರೆ ಚಪ್ಪಲಿ ಪೆಟ್ಟಿಗೆ ಸಾಲ್ದೇನ್ರೀ?" ಎಂದು ಅವಳು ಆಗಾಗ ಕೇಳುವುದುಂಟು. ನಾನು ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದೆ.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಒಂದು ಪುಟ್ಟ ರೈಲು ಓಡುತ್ತಿತ್ತು. ಹಳಿಗಳ ನಡುವೆ ಒಂದು ಹಸು ಅಡ್ಡ ಮಲಗಲೂ ಜಾಗ ಸಾಲದಷ್ಟು ಸಣ್ಣ ಮಾರ್ಗ. ನಾನು ಅದನ್ನು ನೋಡಿದವನಲ್ಲ. ಹೋದ ವರ್ಷ, ಮಾದರಿ ರೈಲುಗಳ ಹುಚ್ಚಿರುವ ನಮ್ಮ ಮೊಬೈಲ್ ಗುಂಪಿನಲ್ಲಿ ಸುದ್ದಿಯೊಂದು ಬಂತು: ದೂರದ ಊರಿನ ಸಣ್ಣ ವರ್ಕ್‌ಶಾಪಿನವರು ಆ ರೈಲಿನ ನೆನಪಿಗೆ ಎರಡು ಮಾದರಿ ಮಾಡುತ್ತಾರಂತೆ, ಒಂದು ಪ್ರಯಾಣಿಕರ ಬೋಗಿ, ಇನ್ನೊಂದು ಗಾರ್ಡ್ ಬೋಗಿ. ಶನಿವಾರ ಹನ್ನೊಂದು ಗಂಟೆಗೆ ಬುಕಿಂಗ್. ನಮ್ಮ ತಾಲ್ಲೂಕಿನ ಪಕ್ಕದ ರೈಲು! ಅದು ನನ್ನ ಬೀರುವಿನಲ್ಲಿ ಇಲ್ಲದೆ ಇನ್ನೆಲ್ಲಿರಬೇಕು?

ಆ ಶನಿವಾರವೇ ನನ್ನನ್ನು ಎಮ್ಮೆದೊಡ್ಡಿಗೆ ಅಳತೆಗೆ ಕಳಿಸಿದರು. ದನ ಮೇಯುವ ಕಾವಲಿನ ಬಯಲಿನಲ್ಲಿ ನೆಟ್‌ವರ್ಕ್ ಇಲ್ಲ. ಹತ್ತೂಮುಕ್ಕಾಲಿಗೆ ಚೈನನ್ನು ಅಲ್ಲೇ ಬಿಟ್ಟು, "ಗಡಿಕಲ್ಲು ನೋಡ್ಕೊಂಡ್ ಬತ್ತೀನಿ" ಎಂದು ರೈತರಿಗೆ ಹೇಳಿ, ದಿಬ್ಬದ ಮೇಲಿನ ಬಂಡೆ ಹತ್ತಿದೆ. ತೋಳೆತ್ತಿ ಫೋನನ್ನು ಆಕಾಶಕ್ಕೆ ತೋರಿಸುತ್ತ ನಿಂತ ನನ್ನನ್ನು ಅಮೃತಮಹಲ್ ಹೋರಿಯೊಂದು ಕೆಳಗಿನಿಂದ ದಿಟ್ಟಿಸುತ್ತಿತ್ತು. ಪ್ರಯಾಣಿಕರ ಬೋಗಿ ಸಿಕ್ಕಿತು. ಗಾರ್ಡ್ ಬೋಗಿ ಒತ್ತುವಷ್ಟರಲ್ಲಿ ಖಾಲಿ. ಗುಂಪಿನಲ್ಲಿ ಆಗಲೇ ಒಬ್ಬರು ಬರೆದಿದ್ದರು: "ಕೊನೇ ಗಾರ್ಡ್ ಬೋಗಿ ನಂಗೇ ಸಿಕ್ತು!" ಹೆಸರಿಲ್ಲ, ಫೋಟೋ ಮಾತ್ರ. ಅದೂ ಉದ್ದ ಕೊಂಬಿನ ಹೋರಿಯದೇ.

ಮೂರು ವಾರಕ್ಕೆ ಪಾರ್ಸೆಲ್ ಬಂತು. ಹೊರಗಿನ ರಟ್ಟು ಬಿಚ್ಚಿದರೆ ಒಳಗಿನ ಪೆಟ್ಟಿಗೆಯ ಮೇಲೆ ಗಾರ್ಡ್ ಬೋಗಿಯ ಚಿತ್ರ. ಬಿಲ್ಲಿನಲ್ಲಿದ್ದದ್ದು ನನ್ನ ಹೆಸರಲ್ಲ, ಅಜ್ಜಂಪುರದ ಒಂದು ಹಿಟ್ಟಿನ ಗಿರಣಿಯ ವಿಳಾಸ. ಎರಡು ಪಾರ್ಸೆಲ್ಲುಗಳನ್ನು ಅದಲುಬದಲು ಮಾಡಿದ್ದರು. ಒಂದು ಗಳಿಗೆ ನನ್ನ ಮನಸ್ಸಿನಲ್ಲಿ ಏನೇನು ಬಂತೆಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ಜೋರಾಗ್ ಹೇಳ್ರೀ, ಮಿಷನ್ ಓಡ್ತಾ ಐತೆ!" ಎಂದಿತು ಹೆಣ್ಣು ದನಿ.

"ನಿಮ್ಮ ಗಾರ್ಡ್ ಬೋಗಿ ನನ್ನ ಹತ್ರ ಇದೆ!" ಎಂದು ಕೂಗಿದೆ.

ಆ ಕಡೆ ಮಿಷನ್ ನಿಂತಿತು. "ಅಯ್ಯೋ, ಹಂಗಾದ್ರೆ ಆ ಬೋಗಿ ನಿಮ್ದಾ ಸಾರ್? ಭಾನುವಾರ ಬಂದ್ಬಿಡಿ" ಎಂದರು. ದನಿ ಏಕೋ ಸ್ವಲ್ಪ ಇಳಿದಿತ್ತು.

ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ಸ್ಟೇಷನ್ನಿನಿಂದ ಗಿರಣಿಗೆ ಐದು ನಿಮಿಷದ ನಡಿಗೆ. ಬಾಗಿಲಲ್ಲಿ ನಿಂತವನು ಹಾಗೆಯೇ ನಿಂತುಬಿಟ್ಟೆ. ಗೋಡೆಗೆ ಎದೆಮಟ್ಟದಲ್ಲಿ ಹೊಡೆದ ಅಗಲ ಹಲಗೆಯ ಮೇಲೆ ಸುತ್ತಾಗಿ ಹಾಕಿದ ಸಣ್ಣ ಹಳಿ. ಹಳಿಯ ಮೇಲೆ ಪುಟ್ಟ ಎಂಜಿನ್. ಅದರ ಹಿಂದೆ ನನ್ನ ಬೋಗಿ. ಸೀಲು ಒಡೆದ, ನಂಬರ್ ಹಾಕಿದ ನನ್ನ ವಿಶೇಷ ಬೋಗಿ ಮೈಯೆಲ್ಲ ರಾಗಿಹಿಟ್ಟು ಮೆತ್ತಿಕೊಂಡು ಓಡುತ್ತಿತ್ತು.

ಐವತ್ತು ದಾಟಿದ, ರೆಪ್ಪೆಯವರೆಗೂ ಹಿಟ್ಟಾಗಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದರು. ಗಿರಣಿಯ ಯಜಮಾನಿ ಅವರೇ, ಹೋರಿಯ ಫೋಟೋ ಹಾಕಿದ್ದವರೂ ಅವರೇ.

"ತಪ್ಪಾಯ್ತು ಸಾರ್. ನನ್ ಹೆಸ್ರಿಗೆ ಬಂದೈತಲ್ಲ ಅಂತ ಪೆಟ್ಟಿಗೆ ಮೇಲಿನ್ ಚಿತ್ರನೂ ನೋಡ್ದಂಗೆ ಸೀಲು ಕಿತ್ಬಿಟ್ಟೆ. ಒಳಗೆ ನೋಡಿದ್ರೆ ಬೋಗಿ. ಕೈಗೆ ತಗಂಡ್ಮೇಲೆ ಒಂದ್ ಸುತ್ತು ಓಡಿಸಾನ ಅನ್ನಿಸ್ತು."

"ಒಂದೇ ಸುತ್ತಾ?"

"ಪಾರ್ಸೆಲ್ ಬಂದು ಹತ್ ದಿನ ಆಯ್ತು, ಅವತ್ತಿಂದ ಓಡ್ತಾ ಐತೆ" ಎಂದು ತಲೆ ತಗ್ಗಿಸಿದರು.

ನನಗೆ ಕೋಪ ಬಂದಿತ್ತು. ಇಂಥದನ್ನು ಬಿಚ್ಚಬಾರದು, ಪೆಟ್ಟಿಗೆಯಲ್ಲೇ ಇಡಬೇಕು ಎಂದು ಸಾಕಷ್ಟು ಗಂಭೀರವಾಗಿಯೇ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಮ್ಮಪ್ಪ ರೈಲ್ವೆ ಗೇಟ್ ಕಾಯ್ತಿದ್ರು ಸಾರ್, ಬೀರೂರು ತರೀಕೆರೆ ಮಧ್ಯ. ಗೇಟಿನ್ ಪಕ್ಕದಾಗೇ ಮನೆ. ನಮ್ಮನೆ ಮುಂದೆ ಒಂದ್ ರೈಲೂ ನಿಲ್ತಿರ್ಲಿಲ್ಲ. ಹುಟ್ಟಿದಾಗಿಂದ ನಾನ್ ನೋಡಿದ್ದೆಲ್ಲ ಓಡೋ ರೈಲೇ. ನಿಂತಿರೋದು ನೋಡಿದ್ರೆ ಏನೋ ಕೆಟ್ಟೋಗೈತೆ ಅನ್ಸುತ್ತೆ."

ಅಷ್ಟರಲ್ಲಿ ಗೋಡೆಯ ಪಕ್ಕ ರಾಗಿ ಚೀಲದ ಮೇಲೆ ಕುಳಿತು ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಎದ್ದು ಬಂದರು. ಲಕ್ಕವಳ್ಳಿ ಕಡೆಯವರಂತೆ, ಮಗಳ ಮನೆಗೆ ಬಂದಿದ್ದರು. ಹಲಗೆಯ ಮಟ್ಟಕ್ಕೆ ಬಾಗಿ, ಬೋಗಿ ಎದುರು ಬಂದಾಗಲೆಲ್ಲ ಕಿಟಕಿಯೊಳಗೆ ಇಣುಕಿದರು.

"ಇದೇ ಕಣವ್ವಾ. ಚಿಕ್ಕ್ ಹುಡುಗ ಇದ್ದಾಗ ನಮ್ಮಜ್ಜಿ ಇದ್ರಾಗೇ ಕೂರಿಸ್ಕಂಡ್ ಹೋಗಿದ್ದು. ಈ ಕಿಟಕೀಲೇ ನಾನು ವಾಂತಿ ಮಾಡಿದ್ದು!"

"ಯಾವ ಕಿಟಕಿ?" ಎಂದು ಕೇಳಿಬಿಟ್ಟೆ. ಅಳತೆಯವನ ಬುದ್ಧಿ.

"ಹಿಂದಿಂದ ಎರಡ್ನೇದು. ಆಮೇಲೆ ಅಜ್ಜಿ ಗಾರ್ಡಪ್ಪನ್ ಹತ್ರ ನೀರು ಇಸ್ಕಂಡು ಮುಖ ತೊಳುದ್ಲು. ಅವ್ನ್ ಬೋಗಿ ಇದ್ರ ಹಿಂದೇನೇ ಇತ್ತು. ಎಲ್ಲವ್ವಾ ಅದು? ಹಿಂದ್ಗಡೆ ಬೋಳಾಗೈತಲ್ಲ?"

ಗಿರಣಿಯಲ್ಲಿದ್ದವರೆಲ್ಲ ನನ್ನ ಕಂಕುಳಲ್ಲಿದ್ದ ಪೆಟ್ಟಿಗೆ ನೋಡಿದರು. ಪೆಟ್ಟಿಗೆ ಯಜಮಾನಿಯದೇ, ಕೇಳಿ ತೆಗೆದುಕೊಳ್ಳಬಹುದಿತ್ತು. ಅವರು ಕೇಳಲಿಲ್ಲ. ಚೀಲದ ದಾರ ಕೊಯ್ಯುವ ಬ್ಲೇಡನ್ನು ನನ್ನ ಕೈಗೆ ಕೊಟ್ಟು, "ನೀವೇ ಬಿಚ್ಚಿ ಸಾರ್. ಬ್ಯಾಡ ಅನ್ಸಿದ್ರೆ ಬ್ಯಾಡ" ಎಂದರು.

ಅದುವರೆಗೆ ನಾನು ಒಂದೇ ಒಂದು ಸೀಲನ್ನೂ ಒಡೆದವನಲ್ಲ. ನಕ್ಷೆಯಲ್ಲಿ ಗಡಿ ಎಳೆಯುವಂತೆ ಬ್ಲೇಡನ್ನು ನೇರವಾಗಿ ಎಳೆದೆ. ಟೇಪು ಚರ್ರೆಂದಿತು. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಸಂಗ್ರಹಿಸಿದರೂ ಈ ವಾಸನೆ ನನಗೆ ಗೊತ್ತೇ ಇರಲಿಲ್ಲ! ಗಾರ್ಡ್ ಬೋಗಿಗೆ ಬೆರಳುಗುರಿನಷ್ಟು ಬಾಗಿಲು, ಬಾಗಿಲಿಗೆ ಚಿಲಕ. ಬೋಗಿಯ ಹಿಂದೆ ಸೇರಿಸಿದರೆ ಕೊಂಡಿ ಕೂಡಲಿಲ್ಲ, ಕೂದಲೆಳೆಯಷ್ಟು ತಗ್ಗು. ಜೇಬಿನ ಸ್ಕೇಲು ತೆಗೆದು ಅಳೆದೆ. ಬೆಳಿಗ್ಗೆಯ ರೈಲು ಟಿಕೆಟ್ ಮಡಚಿ ಕೊಂಡಿಯ ಕೆಳಗೆ ತೂರಿಸಿದೆ. ಕೂಡಿತು.

ಮೂರೂ ಸೇರಿ ಹೊರಟವು. ಯಜಮಾನಿ ಗಿರಣಿ ಶುರು ಮಾಡಿದೊಡನೆ ವೋಲ್ಟೇಜ್ ಇಳಿದು ರೈಲು ಘಟ್ಟ ಹತ್ತುವಂತೆ ತೆವಳಿತು, ಮಿಷನ್ ನಿಲ್ಲಿಸಿದರೆ ಓಡಿತು. ಮುದುಕರು ತಮ್ಮ ಸರದಿಯನ್ನು ಇಬ್ಬರಿಗೆ ಬಿಟ್ಟುಕೊಟ್ಟು ನೋಡುತ್ತ ನಿಂತರು. ನಾನೂ ಕಡೂರಿಗೆ ವಾಪಸು ಹೋಗುವ ಎರಡು ರೈಲು ಬಿಟ್ಟುಕೊಟ್ಟೆ.

ನಾನು ಹೊರಡುವಾಗ ಯಜಮಾನಿ ನನ್ನ ಬೋಗಿಯನ್ನು ಬ್ರಷ್ಷಿನಿಂದ ಒರೆಸಿ ಪೆಟ್ಟಿಗೆಗೆ ಇಡಹೊರಟರು. "ಇರ್ಲಿ ಬಿಡಿ, ಎರಡೂ ಇಲ್ಲೇ ಇರ್ಲಿ" ಎಂದಿತು ಒಂದು ದನಿ. ಯಾರೆಂದು ನೋಡಿದರೆ ನಾನೇ! ನಾನು ಬೇಡವೆಂದರೂ ಬಿಡದೆ ಅವರು ಎರಡು ಸೇರು ರಾಗಿಹಿಟ್ಟು ಕಟ್ಟಿಕೊಟ್ಟರು.

"ಬೋಗಿ ತರಕ್ಕೆ ಹೋಗಿ ಹಿಟ್ಟು ತಂದ್ರಾ?" ಎಂದಳು ನನ್ನ ಹೆಂಡತಿ. ನಡೆದದ್ದೆಲ್ಲ ಹೇಳಿದೆ. ಅವಳು ವಾಂತಿಯ ಕಥೆಯನ್ನು ಎರಡು ಸಲ ಹೇಳಿಸಿದಳು. ಆಮೇಲೆ ತಾನೇ ಸ್ಟೂಲು ಹತ್ತಿ, ಬೀರುವಿನಿಂದ ಒಂದು ಪೆಟ್ಟಿಗೆ ಇಳಿಸಿ ಕತ್ತರಿ ತಂದಳು.

ಆ ವಾರ ದಿನಕ್ಕೊಂದರಂತೆ ಬಿಚ್ಚಿದೆವು. ಆರನೆಯದು ನನ್ನ ಸಂಗ್ರಹದಲ್ಲೇ ಅಪರೂಪದ್ದು, ಅದನ್ನು ತೋರಿಸಿ ಗುಂಪಿನಲ್ಲಿ ಎಷ್ಟೋ ಸಲ ಮೀಸೆ ತಿರುವಿದ್ದೆ. ಸೀಲು ಒಡೆದು ನೋಡಿದರೆ ಒಂದು ಜೊತೆ ಗಾಲಿಯೇ ಇರಲಿಲ್ಲ. ಒಂಬತ್ತು ವರ್ಷ ಆ ಕುಂಟನಿಗೆ ಬೀರುವಿನಲ್ಲಿ ರಾಜಮರ್ಯಾದೆ ಕೊಟ್ಟಿದ್ದೆ. ನನ್ನ ಹೆಂಡತಿ ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದಳು.

ಅಜ್ಜಂಪುರಕ್ಕೆ ಫೋನ್ ಮಾಡಿದೆ.

"ನನ್ನತ್ರ ಬಿಡಿ ಗಾಲಿ ಅವೆ ಸಾರ್, ತಗಂಡ್ ಬನ್ನಿ" ಎಂದು ಮಿಷನ್ನಿನ ಸದ್ದಿನ ಮೇಲೆ ಕೂಗಿದರು ಯಜಮಾನಿ. "ಬರ್ತಾ ಮನೆಯವ್ರನ್ನೂ ಕರ್ಕಂಡ್ ಬನ್ನಿ. ಗೋಧಿ ಇದ್ರೆ ಅದೂ ಇರ್ಲಿ!"