ಅಕ್ಕ ಕಿತ್ತಿಟ್ಟ ಪ್ಲಗ್

ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಚೇರಿ ಮಣಿಪಾಲದಲ್ಲಿ, ವಾಸ ಪರ್ಕಳದ ಬಾಡಿಗೆ ಕೋಣೆಯಲ್ಲಿ. ಆಸ್ಪತ್ರೆಯ ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತೇವೆ. ಅದು ಸುಟ್ಟರೆ ಒಳಗಿನ ಸೆಟ್ಟಿಂಗೂ ಹೋಗುತ್ತದೆ. ಹಾಗಾಗಿ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸೆಟ್ಟಿಂಗ್ ಮತ್ತು ಆಗುಹೋಗುಗಳನ್ನು ಬರೆದಿಡುವ ಲಾಗ್‌ಗಳು ತಾವಾಗಿಯೇ ನಕಲಾಗಿ, ಪಾಸ್‌ವರ್ಡಿನ ಬೀಗದೊಳಗೆ, ಪಕ್ಕದ ಮೇಜಿನ ಪುಟ್ಟ ಕಂಪ್ಯೂಟರಿಗೆ ಸೇರುವಂತೆ ಮಾಡಿದ್ದೆ. ಅದೇ ಕೋಣೆ, ಒಂದೇ ಪ್ರತಿ. ಸಾಕೆನಿಸಿತ್ತು.

ಆದರೆ ಆಗಾಗ ನಕಲು ತಪ್ಪುತ್ತಿತ್ತು. ಹೋಗಿ ನೋಡಿದರೆ ಪುಟ್ಟ ಕಂಪ್ಯೂಟರಿನ ಪ್ಲಗ್ ನೆಲದ ಮೇಲೆ. ಕಿತ್ತವರು ಗುಡಿಸಿ ಒರೆಸುವ ಅಕ್ಕ. ಕಾಪುವಿನ ಮೀನುಗಾರರ ಮನೆಯಿಂದ ಇಲ್ಲಿಗೆ ಮದುವೆಯಾಗಿ ಬಂದವರು.

"ಗುಡುಗಿದ್ರೆ ಮನೆಯಲ್ಲಿ ಟಿವಿದು ತೆಗೀತೇವಲ್ಲ ಸರ್? ಇದೆಂತ, ದೇವರ ಪೆಟ್ಟಿಗೆಯಾ?"

"ಯುಪಿಎಸ್ ಉಂಟಲ್ಲ ಅಕ್ಕ."

"ಸಿಡಿಲು ನಿಮ್ಮ ಯುಪಿಎಸ್‌ಗೆ ಹೆದರ್ತದಾ ಮಾರಾಯ್ರೆ?"

ನರ್ಸುಗಳು ನಕ್ಕರು. ನನಗೆ ಸಿಟ್ಟು ಬಂತು. ಒಂದು ಗಂಟೆಗೆ ನಕಲು ಆಗಲೇಬೇಕು ಎಂದು ಎಲ್ಲರೆದುರು ಗದರಿಸಿ, ಪ್ಲಗ್ಗಿನ ಮೇಲೆ 'ತೆಗೆಯಬಾರದು' ಎಂದು ಚೀಟಿ ಅಂಟಿಸಿದೆ. ಅಕ್ಕ ಬಕೆಟ್ ಎತ್ತಿಕೊಂಡು ಹೋದರು.

ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ನಾನು ಅಲ್ಲೇ ಇದ್ದಾಗ ಸಿಡಿಲು ಬಡಿಯಿತು. ಬೆಳಕೂ ಸದ್ದೂ ಒಟ್ಟಿಗೆ. ಶಿಶುಗಳ ವಾರ್ಡಿನಲ್ಲಿ ನರ್ಸ್ ಮೇಜಿನ ಪರದೆ ಕಪ್ಪಾಯಿತು. ಮೂರು ತೊಟ್ಟಿಲುಗಳ ಉಸಿರು, ನಾಡಿ ಕಾಣುತ್ತಿದ್ದದ್ದು ಅದರಲ್ಲೇ. ಒಂದು ಮಗು ದಿನ ತುಂಬುವ ಮೊದಲೇ ಹುಟ್ಟಿದ್ದು, ನಡುನಡುವೆ ಉಸಿರಾಡಲು ಮರೆಯುತ್ತಿತ್ತು. ನರ್ಸ್ ಒಬ್ಬರು ಅದರ ಅಂಗಾಲಿಗೆ ಬೆರಳಿಟ್ಟು ಕುಳಿತುಬಿಟ್ಟರು. ಎದೆ ಏಳದಿದ್ದರೆ ಮೆಲ್ಲನೆ ಉಜ್ಜುತ್ತಿದ್ದರು.

ಸ್ವಿಚ್ ಸುಟ್ಟು ನಾರುತ್ತಿತ್ತು. ಕಪಾಟಿನಲ್ಲಿ ಹೊಸದೊಂದಿತ್ತು, ಸೆಟ್ಟಿಂಗ್ ಇಲ್ಲದ್ದು. ಎಲ್ಲವನ್ನೂ ನೆನಪಿನಿಂದ ತುಂಬಿಸಲು ಗಂಟೆಗಟ್ಟಲೆ ಬೇಕು. ಪುಟ್ಟ ಕಂಪ್ಯೂಟರೂ ಸುಟ್ಟಿರುತ್ತದೆಂದುಕೊಂಡೇ ತಿರುಗಿದೆ. ಅದರ ಪ್ಲಗ್ಗೂ ಇಲ್ಲ, ನೆಟ್‌ವರ್ಕ್ ವೈರೂ ಇಲ್ಲ. ಯಾರೋ ಎರಡನ್ನೂ ಸುರುಳಿ ಸುತ್ತಿ ಪಕ್ಕದಲ್ಲಿಟ್ಟು, ಮೇಲೆ ಒಣ ಬಟ್ಟೆ ಹೊದೆಸಿದ್ದರು.

ಬಾಗಿಲಲ್ಲಿ ಅಕ್ಕ. "ಬೈಬೇಡಿ ಸರ್. ನಿಮ್ಮ ಒಂದು ಗಂಟೆಯ ಕೆಲಸ ಮುಗಿದ ಮೇಲೆಯೇ ತೆಗ್ದದ್ದು."

ಪಾಸ್‌ವರ್ಡ್ ಎರಡು ಸಲ ತಪ್ಪಿತು. ಹೊಸ ಸ್ವಿಚ್ಚಿಗೆ ಆ ಮಧ್ಯಾಹ್ನದ ನಕಲು ಸೇರಿ, ಪರದೆಯಲ್ಲಿ ಮೂರು ಹಸಿರು ಗೆರೆಗಳು ಮೂಡಿದವು. ನರ್ಸ್ ಮಾತ್ರ ಇನ್ನೂ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

ಈಗ ಇನ್ನೊಂದು ಪ್ರತಿ, ಬೀಗದೊಳಗೆ, ಮಣಿಪಾಲಕ್ಕೂ ಹೋಗುತ್ತದೆ. ಚೀಟಿ ಹರಿದು ಹಾಕಿದ್ದೇನೆ. ಆದರೂ ಅಕ್ಕ ಅಂದು ನನ್ನ ಮಾತು ಕೇಳಿದ್ದರೆ ಎಂದು ಊಟದ ನಡುವೆಯೂ ನೆನಪಾಗಿ ಕೈ ನಿಲ್ಲುತ್ತದೆ.

ಪುಟ್ಟ ಕಂಪ್ಯೂಟರ್ ಬಂದಾದರೆ ನನ್ನ ಫೋನಿಗೆ ಸಂದೇಶ ಬರುವಂತೆಯೂ ಆಮೇಲೆ ಮಾಡಿದೆ. ಮೊನ್ನೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಬಂತು. ಮೇಲೆ ಬಿಸಿಲು. ಫೋನ್ ಮಾಡಿದೆ.

"ಅಕ್ಕ, ತೆಗೆದ್ರಾ? ಇಲ್ಲಿ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲುಂಟಲ್ಲ."

"ತೆಗ್ದೆ. ನೀವು ಬಯಲಲ್ಲಿ ನಿಲ್ಬೇಡಿ ಸರ್, ಗುಡುಗು ಆ ಕಡೆಗೇ ಬರ್ತಾ ಉಂಟು."