ನೋಡದ ಪಾಠಕ್ಕೆ ಸಹಿ

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಇಂಡಿ ಪಟ್ಟಣದ ಬಿ.ಎಡ್. ಕಾಲೇಜಿನ ಕಚೇರಿಯಲ್ಲಿ ಪ್ರಾಚಾರ್ಯರು, ನಾನು, ಝಳಕಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ. ಅವಳು ಶಾಲೆಯಲ್ಲಿ ಮಾಡಬೇಕಾದ ಪಾಠಗಳಲ್ಲಿ ಎರಡು ಬಾಕಿ. ಸಂಜೆ ಐದರೊಳಗೆ ಪಾಠದ ಪುಸ್ತಕಕ್ಕೆ, ಪಾಠ ನೋಡಬೇಕಾದ ನನ್ನ ಸಹಿ ಮತ್ತು ಕಾಲೇಜಿನ ಮುದ್ರೆ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

“ಎರಡು ಸಹಿ ಹಾಕಿಬಿಡ್ರಿ ಮೇಡಮ್ಮರ. ಎಲ್ಲಾ ಕಡೆ ಹಿಂಗ ನಡದೈತಿ,” ಎಂದರು ಪ್ರಾಚಾರ್ಯರು.

“ಎಲ್ಲಾ ಕಡೆ ನಾ ಇಲ್ರಿ. ಇಲ್ಲಿ ಅದೇನಿ.”

“ನಿವೃತ್ತಿ ಆದವರನ್ನ ಕರದು ಕೆಲಸ ಕೊಟ್ಟೇವ್ರಿ.”

“ನಾಳೆಯಿಂದ ಬ್ಯಾಡನ್ರಿ. ಇವತ್ತ ನೋಡದ ಪಾಠಕ್ಕ ಸಹಿ ಹಾಕಂಗಿಲ್ಲ.”

ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ತರಬೇತಿ ವಿಭಾಗವನ್ನು ಕಟ್ಟಿದ ಪ್ರಾಧ್ಯಾಪಕಿಯ ಕೈಯಲ್ಲಿ ಕಲಿತವಳು ನಾನು. ಕೊನೆಯ ಬೆಂಚಿನಲ್ಲಿ ಕೂತು ಇಡೀ ಪಾಠ ಕೇಳದೆ ಅವರು ಪೆನ್ನು ತೆಗೆಯುತ್ತಿರಲಿಲ್ಲ. ನಮ್ಮ ಪಾಠ ಕೆಟ್ಟರೆ ಮುಂದಿನ ಅವಧಿಯಲ್ಲಿ ಅದನ್ನೇ ತಾವು ಮಾಡುತ್ತಿದ್ದರು. ಅವರ ತಪ್ಪು ಬರೆಯುವ ಕೆಲಸ ನಮ್ಮದು. ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ನಾನು ‘ಅವಸರ ಹೆಚ್ಚಾಯಿತು’ ಎಂದು ಬರೆದು ಕೊಟ್ಟಿದ್ದೆ. “ಖರೇ ಐತಿ,” ಎಂದು ಕೆಳಗೆ ಸಹಿ ಮಾಡಿದರು.

ಹುಡುಗಿಯನ್ನು ಕರೆದುಕೊಂಡು ಹತ್ತಿರದ ಪ್ರೌಢಶಾಲೆಗೆ ನಡೆದೆ. ಮುಖ್ಯಗುರುಗಳು ಮೂರು ಅವಧಿ ಕೊಟ್ಟರು. ಮೊದಲನೆಯದರಲ್ಲಿ ಅವಳು ವಿಜ್ಞಾನದ ಘರ್ಷಣೆಯ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ನನ್ನ ಪಕ್ಕದ ಬಾಲಕಿಯನ್ನು ಕೇಳಿದೆ: “ಏನ್ ತಿಳೀತವ್ವಾ?”

“ಬರಕೊಂಡೇನ್ರಿ. ತಿಳೀಲಿಲ್ರಿ.”

ಸಹಿ ಹಾಕಲಿಲ್ಲ.

“ನನ್ನ ವರ್ಷ ಹೋಗ್ತೈತ್ರಿ ಮೇಡಮ್ಮರ,” ಎಂದು ಹುಡುಗಿ ಕಣ್ಣು ತುಂಬಿಕೊಂಡಳು.

“ಅಳೂದ ಆಮ್ಯಾಲೆ. ಈಗ ನಾ ಮಾಡ್ತೇನಿ, ನೀ ತಪ್ಪು ಬರಿ.”

ಮಕ್ಕಳಿಂದ ಬೆಂಚು ಎಳೆಸಿ, ತಳ್ಳಿಸಿ ಪಾಠ ಮಾಡಿದೆ. ‘ಬೋರ್ಡಿನ ಅಕ್ಷರ ಸಣ್ಣವು, ಹಿಂದಿನವರಿಗೆ ಕಾಣಲಿಲ್ಲ’ ಎಂದು ಬರೆದಳು. ಸರಿಯಾಗಿತ್ತು. ಮೂರನೆಯ ಅವಧಿಯಲ್ಲಿ ಅದೇ ಪಾಠವನ್ನು ಪಕ್ಕದ ವಿಭಾಗಕ್ಕೆ ನಿಧಾನವಾಗಿ ಕಲಿಸಿದಳು. ಒಂದು ಸಹಿ ಬಿತ್ತು.

ಇನ್ನೊಂದು ಪಾಠಕ್ಕೆ ಉಳಿದದ್ದು ಆಟದ ಅವಧಿ ಮಾತ್ರ. ಕೇಳಿ ಪಡೆದೆ. “ಆಟಾನೂ ಕಸಗೊಂಡ್ರಲ್ರಿ!” ಎಂದು ಮಕ್ಕಳು ಗೊಣಗಿದರು. ಹುಡುಗಿ ಒಂದು ಗಳಿಗೆ ಯೋಚಿಸಿ, “ಚೆಂಡ್ ತಗೊಂಡ್ ಹೊರಗ ನಡೀರಿ,” ಎಂದಳು. ಒದ್ದದ್ದು, ತಡೆದದ್ದು, ದಿಕ್ಕು ತಿರುಗಿಸಿದ್ದು: ಬಲದ ಪಾಠ ಮೈದಾನದಲ್ಲೇ ಮುಗಿಯಿತು. ಇದು ಅವಳ ಪುಸ್ತಕದಲ್ಲಿರಲಿಲ್ಲ. ಬರೆದಿಟ್ಟ ಯೋಜನೆಯನ್ನು ಹೊಡೆದುಹಾಕಿಸಿ, ನಡೆದ ಪಾಠವನ್ನು ಬರೆಸಿ, ಸಹಿ ಮಾಡಿದೆ.

ಕಾಲೇಜಿಗೆ ಮರಳಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ. “ಹಿಂಗ ಹೊಡದು ಬರದದ್ದು ನಡೀತೈತೇನ್ರಿ?” ಎಂದರು ಪ್ರಾಚಾರ್ಯರು.

“ನಡೀಲಿಲ್ಲಂದ್ರ ನನ್ನ ಕರೀರಿ.”

ಅವರು ಎರಡೂ ಪುಟಕ್ಕೆ ಮುದ್ರೆ ಒತ್ತುವವರೆಗೆ ಮೇಜಿನ ಮುಂದೆಯೇ ನಿಂತಿದ್ದೆ. ಐದಕ್ಕೆ ಹತ್ತು ನಿಮಿಷವಿತ್ತು.