ಐದನೆಯವಳಾಗಿ ಕೂತಿದ್ದು

ಜಪಾನಿನ ಎಡೋಗಾವಾದಲ್ಲಿರೋ ನಮ್ಮ ಕಮ್ಯೂನಿಟಿ ಸೆಂಟರಿನಲ್ಲಿ ಐದು ಜನ ಇಲ್ಲದ ಗುಂಪಿಗೆ ರೂಮು ಕೊಡೋದಿಲ್ಲ. ಪಕ್ಕದ ಮನೆಯ ಅಜ್ಜ ಮೋರಿ ಸಾನ್, ಅಂದರೆ ಮೋರಿಯವರ, ಇತಿಹಾಸದ ಗುಂಪಿನಲ್ಲಿ ನಾಲ್ಕೇ ಜನ ಉಳಿದಿದ್ದರು. "ಸುಮಿಮಾಸೆನ್, ಕ್ಷಮಿಸಿ, ನೀವು ಸುಮ್ಮನೆ ಕೂತರೆ ಸಾಕು" ಅಂದರು. ಹೋದೆ.

ಪ್ರತಿ ವಾರ ಒಂದೇ ಜಗಳ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋವಿಯತ್ ನೆಲಕ್ಕೆ ನುಗ್ಗದೇ ಇದ್ದಿದ್ದರೆ ಸೋವಿಯತ್ ಸೇನೆಯೇ ಮೊದಲು ನುಗ್ಗುತ್ತಿತ್ತು ಅಂತ ಮೋರಿ ಸಾನ್. "ಇಲ್ಲದಿದ್ದರೆ ಗಡಿಯಲ್ಲಿ ಅವರದು ಅಷ್ಟೊಂದು ಟ್ಯಾಂಕು ಯಾಕೆ?" ನಿವೃತ್ತ ಮೇಷ್ಟ್ರು ಒಕಾದಾ ಸಾನ್ ಒಪ್ಪೋರಲ್ಲ. "ಅದರಲ್ಲಿ ಎಷ್ಟೋ ಕೆಟ್ಟು ನಿಂತಿದ್ದವು. ನಾಜಿಗಳಿಗೆ ನೆಪ ಹುಡುಕಿ ಕೊಡಬೇಡಿ."

ಒಂದು ದಿನ ತಾಳಲಾರದೆ ನನ್ನ ಹರಕು ಜಪಾನಿಯಲ್ಲಿ ಕೇಳಿಯೇಬಿಟ್ಟೆ: "ಯಾವುದು ನಿಜವಾದರೆ ಈಗೇನು?"

ಮೋರಿ ಸಾನ್ ಪುಸ್ತಕ ಮುಚ್ಚಿದರು. "ನಮ್ಮಪ್ಪ ಯುದ್ಧ ಮುಗಿದ ಮೇಲೆ ಸೈಬೀರಿಯಾದ ಸೋವಿಯತ್ ಶಿಬಿರದಲ್ಲಿ ಸತ್ತರು. ನಾನು ಅವರ ಮುಖ ನೋಡಿಲ್ಲ. ಎಲ್ಲ ದೇಶಗಳನ್ನೂ ನುಂಗಬೇಕು ಅಂತ ಸೋವಿಯತ್‌ನವರು ಮೊದಲೇ ಲೆಕ್ಕ ಹಾಕಿದ್ದರೆ, ಅಪ್ಪ ಸತ್ತಿದ್ದಕ್ಕೆ ಒಂದು ಕಾರಣವಾದರೂ ಇರುತ್ತೆ."

ಒಕಾದಾ ಸಾನ್ ಇದೊಂದು ಸಲ "ಇರಬಹುದು" ಅನ್ನಲಿ ಅಂತ ಕಾದೆ. ಅವರು "ಪುರಾವೆ ಇಲ್ಲ, ಮೋರಿ ಸಾನ್" ಅಂದರು. ಆಮೇಲೆ ಎದ್ದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು.

ರೂಮು ಬಿಡುವ ಹೊತ್ತಾಯಿತು. ಎಲ್ಲರೂ ಸೇರಿ ಟೇಬಲ್ ಒರೆಸಿದೆವು.

ಹೊರಡುವಾಗ ರೂಮಿನ ಫಾರಂ ತುಂಬೋದು ಚಿಕ್ಕವಳಾದ ನನ್ನ ಕೆಲಸ. ಕೌಂಟರಿನ ಹುಡುಗಿ ಎರಡೂ ಕೈಯಲ್ಲಿ ಅದನ್ನ ವಾಪಸು ಕೊಟ್ಟಳು. "ಸುಮಿಮಾಸೆನ್, 'ಇಂದು ಆದ ಕೆಲಸ' ಅನ್ನೋ ಜಾಗ ಖಾಲಿ ಬಿಡೋ ಹಾಗಿಲ್ಲ."

"ಟೇಬಲ್ ಒರೆಸಿದ್ದೇವೆ" ಅಂತ ಬರೆದೆ. ಅರಿಗಾತೋ ಅಂತ ಧನ್ಯವಾದ ಹೇಳಿ ಮುದ್ರೆ ಒತ್ತಿದಳು.